ಮುಗಿಯುವ ಆಟಗಳು ಬೇಕಾಗಿವೆ

ಮೊನ್ನೆ ಭಾನುವಾರ ಬೆಳಿಗ್ಗೆ ಅಕ್ಕ ಫೋನ್ ಮಾಡಿ, 'ಒಂದ್ಸಲ ಮನೆಗೆ ಬಂದು ಹೋಗೋ, ಇವನಿಗೆ ಸ್ವಲ್ಪ ಬುದ್ಧಿ ಹೇಳು' ಎಂದಳು. ಇವನು ಎಂದರೆ ಅವಳ ಮಗ. ದ್ವಿತೀಯ ಪಿಯುಸಿ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗಣಿತ ಗೋತಾ. ರಾತ್ರಿ ಎರಡು ಗಂಟೆಯಾದರೂ ಹೊದಿಕೆಯೊಳಗಿಂದ ಮೊಬೈಲ್ ಬೆಳಕು. ಅಕ್ಕ ಫೋನ್ ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಳು. ಮೂರು ದಿನದಿಂದ ತಾಯಿಗೂ ಮಗನಿಗೂ ಮಾತಿಲ್ಲ.

ಈ ವಿಷಯದಲ್ಲಿ ಬುದ್ಧಿ ಹೇಳುವ ಯೋಗ್ಯತೆ ನನಗೆ ಅಷ್ಟಾಗಿ ಇಲ್ಲ. ಏಕೆ ಎಂಬುದನ್ನು ಮುಂದೆ ಹೇಳುತ್ತೇನೆ. ಹಾಗಾಗಿ ಉಪದೇಶದ ಬದಲು ಅವನಿಗೊಂದು ಪ್ರಶ್ನೆ ಕೇಳಿದೆ. 'ನಿನಗೊಂದು ಹಾಲ್ ಕೊಡ್ತೀನಿ, ವಿಡಿಯೋ ಗೇಮ್ ಪಾರ್ಲರ್ ಮಾಡು. ಹತ್ತೇ ಹತ್ತು ಮೆಷಿನ್‌ಗೆ ಜಾಗ. ಮಕ್ಕಳೂ ಬರ್ತಾರೆ, ಅವರ ಅಪ್ಪ ಅಮ್ಮನೂ ಬರ್ತಾರೆ. ಯಾವ ಹತ್ತು ಆಟ ಇಡ್ತೀಯಾ?'

ಮೂರು ದಿನದಿಂದ ಗೋಡೆ ನೋಡುತ್ತಾ ಮಲಗಿದ್ದವನು ಎದ್ದು ಕೂತ. ಹಳೆಯ ನೋಟ್‌ಬುಕ್ಕಿನ ಹಿಂಬದಿಯ ಹಾಳೆ ಹೊರಬಂತು.

ಪಾರ್ಲರ್ ನೋಡದ ಮಕ್ಕಳಿಗೆ ಒಂದು ಮಾತು. ಅಲ್ಲಿ ಸಾಲಾಗಿ ನಿಂತಿರುತ್ತಿದ್ದವು ಆಳೆತ್ತರದ ಮರದ ಪೆಟ್ಟಿಗೆಗಳು. ಒಂದೊಂದಕ್ಕೂ ಒಂದು ಟೀವಿ ಪರದೆ, ಒಂದು ಹಿಡಿಕೆ, ನಾಲ್ಕಾರು ಗುಂಡಿ, ಕೆಳಗೆ ನಾಣ್ಯ ನುಂಗುವ ಬಾಯಿ. ಒಂದು ಪೆಟ್ಟಿಗೆಗೆ ಒಂದೇ ಆಟ. ಆದ್ದರಿಂದ ಒಂದನ್ನು ಒಳತರಬೇಕಾದರೆ ಇನ್ನೊಂದನ್ನು ಹೊರಹಾಕಬೇಕು. ಆಯ್ಕೆಯ ಕಷ್ಟ ಇರುವುದೇ ಇಲ್ಲಿ.

ಮೊದಲು ಎರಡು ನಿಯಮ ಮಾಡಿಕೊಂಡೆವು. ಒಂದು: ಆಟ ಕಲಿಯಲು ಒಂದು ನಿಮಿಷ ಸಾಕಾಗಬೇಕು, ಪಳಗಲು ವರ್ಷಗಳೇ ಬೇಕಾಗಬೇಕು. ಇದು ಅಟಾರಿ ಕಂಪನಿ ಕಟ್ಟಿದ ನೋಲನ್ ಬುಶ್ನೆಲ್ ಅವರ ಹೆಸರಿನಲ್ಲೇ ಚಾಲ್ತಿಯಲ್ಲಿರುವ ಸೂತ್ರ. ಎರಡು: ಸೋತವನಿಗೆ ತಾನು ಏಕೆ ಸೋತೆ ಎಂಬುದು ಗೊತ್ತಾಗಬೇಕು.

ಮೊದಲ ಜಾಗ 'ಪಾಂಗ್'ಗೆ. 1972ರಲ್ಲಿ ಅಟಾರಿಗಾಗಿ ಅಲನ್ ಆಲ್ಕಾರ್ನ್ ಎಂಬ ಎಂಜಿನಿಯರ್ ಮಾಡಿದ ಆಟ. ಎರಡು ಗೆರೆಗಳು ಬ್ಯಾಟು, ಒಂದು ಚುಕ್ಕೆ ಚೆಂಡು, ಅಷ್ಟೆ. ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನ ಬಾರೊಂದರಲ್ಲಿ ಪ್ರಯೋಗಕ್ಕೆಂದು ಇಟ್ಟಿದ್ದ ಯಂತ್ರ ಕೆಲವೇ ದಿನಗಳಲ್ಲಿ ಕೆಟ್ಟಿದೆಯೆಂದು ದೂರು ಬಂತು. ಆಲ್ಕಾರ್ನ್ ಹೋಗಿ ತೆರೆದು ನೋಡಿದರೆ ನಾಣ್ಯದ ಡಬ್ಬಿ ತುಂಬಿ ತುಳುಕುತ್ತಿತ್ತು! ಇನ್ನೊಂದು ಸಂಗತಿ ನೋಡಿ: ಈ ಆಟವನ್ನು ಒಬ್ಬರೇ ಆಡಲು ಬರುತ್ತಲೇ ಇರಲಿಲ್ಲ. ಪಕ್ಕದಲ್ಲಿ ಇನ್ನೊಬ್ಬ ಮನುಷ್ಯ ನಿಲ್ಲಲೇಬೇಕಿತ್ತು. ವಿಡಿಯೋ ಗೇಮ್ ಎಂದರೆ ಒಂಟಿತನ ಎಂದುಕೊಂಡವರು ಇದನ್ನು ನೆನಪಿಡಬೇಕು.

ಎರಡನೆಯದು 'ಸ್ಪೇಸ್ ಇನ್‌ವೇಡರ್ಸ್', 1978. ಟೈಟೊ ಕಂಪನಿಯಲ್ಲಿದ್ದ ಜಪಾನಿನ ತೊಮೊಹಿರೊ ನಿಶಿಕಾಡೊ ಅದರ ಕರ್ತೃ. ಮೇಲಿಂದ 55 ಅನ್ಯಲೋಕದ ಜೀವಿಗಳು ಸಾಲುಸಾಲಾಗಿ ಇಳಿಯುತ್ತವೆ. ಹೊಡೆದುರುಳಿಸಿದಷ್ಟೂ ಉಳಿದವುಗಳ ವೇಗ ಹೆಚ್ಚುತ್ತದೆ. ಮೊದಲು ಇದು ಯೋಜನೆಯೇ ಆಗಿರಲಿಲ್ಲ. ಅಂದಿನ ಪ್ರೊಸೆಸರ್‌ಗೆ 55 ಜೀವಿಗಳನ್ನು ಚಿತ್ರಿಸುವುದೇ ಭಾರವಾಗಿತ್ತು. ಸಂಖ್ಯೆ ಇಳಿದಂತೆ ಅದರ ಹೊರೆ ಇಳಿದು ತಾನಾಗಿ ವೇಗ ಬಂತು. ನಿಶಿಕಾಡೊ ಅದನ್ನು ಸರಿಪಡಿಸದೆ ಹಾಗೆಯೇ ಉಳಿಸಿಕೊಂಡರು. ಯಂತ್ರದ ಕೊರತೆಯೇ ಆಟದ ಜೀವಾಳವಾಯಿತು. ಕಂಪ್ಯೂಟರ್ ಸೈನ್ಸ್ ಓದಬೇಕೆಂದಿರುವ ನಮ್ಮ ಹುಡುಗ ಇದನ್ನು ಕೇಳಿ ಎರಡು ಸಲ 'ನಿಜವಾಗ್ಲೂನಾ ಮಾವ?' ಎಂದ.

ಮೂರನೆಯದರ ಬಗ್ಗೆ ಚರ್ಚೆಯೇ ಇಲ್ಲ: 'ಪ್ಯಾಕ್-ಮ್ಯಾನ್', 1980. ಗುಂಡು ಹೊಡೆಯುವ ಆಟಗಳೇ ತುಂಬಿದ್ದ ಪಾರ್ಲರ್‌ಗೆ ಹೆಣ್ಣುಮಕ್ಕಳೂ ಬರುವಂತಾಗಬೇಕು ಎಂದು ನಾಮ್ಕೊ ಕಂಪನಿಯ ತೊರು ಇವಾತಾನಿ ತಿನ್ನುವುದನ್ನೇ ಆಟವಾಗಿಸಿದರು. ಬೆನ್ನಟ್ಟುವ ನಾಲ್ಕು ಭೂತಗಳಿಗೆ ನಾಲ್ಕು ಸ್ವಭಾವ. ಕೆಂಪು ಭೂತ ನೇರ ಬೆನ್ನು ಹತ್ತುತ್ತದೆ. ಗುಲಾಬಿಯದು ನೀವು ಹೋಗುವ ದಾರಿಗೆ ಮುಂದಾಗಿ ಅಡ್ಡ ಬರಲು ನೋಡುತ್ತದೆ. ನೀಲಿ ಭೂತ ಕೆಂಪು ಎಲ್ಲಿದೆ ಎಂಬುದನ್ನೂ ಲೆಕ್ಕ ಹಾಕುತ್ತದೆ. ಕಿತ್ತಳೆ ಬಣ್ಣದ್ದು ಹತ್ತಿರ ಬಂದು ಹೆದರಿ ಹಿಂದೆ ಸರಿಯುತ್ತದೆ. ಈ ಸ್ವಭಾವ ತಿಳಿಯದವನಿಗೆ ಇದು ಅದೃಷ್ಟದಾಟ, ತಿಳಿದವನಿಗೆ ಲೆಕ್ಕದಾಟ. ಗಮನಿಸಿ ನೋಡುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಬೇಕೆ?

ನಾಲ್ಕನೆಯದು 'ಮಿಸೈಲ್ ಕಮಾಂಡ್', ಅದೂ 1980ರದ್ದೇ. ಆರು ನಗರಗಳ ಮೇಲೆ ಕ್ಷಿಪಣಿ ಮಳೆ; ನೀವು ಕಾಯಬೇಕು. ಎಷ್ಟೇ ಚೆನ್ನಾಗಿ ಆಡಿದರೂ ಇಲ್ಲಿ ಗೆಲುವು ಎಂಬುದೇ ಇಲ್ಲ. ಕೊನೆಗೆ ನಗರಗಳೆಲ್ಲ ಉರಿದು 'ದಿ ಎಂಡ್' ಎಂದು ಬರುತ್ತದೆ. ಅಣುಯುದ್ಧದಲ್ಲಿ ಗೆದ್ದವರಿರುವುದಿಲ್ಲ ಎಂಬುದನ್ನು ಹೇಳಲು ಇನ್ನೇನು ಬೇಕು?

ಮುಂದಿನವು ಬೇಗ ಬೇಗ ಆರಿಸಿದವು. 1981ರ 'ಸೆಂಟಿಪೀಡ್', ಅಟಾರಿಯ ಡೋನಾ ಬೈಲಿ ಮತ್ತು ಎಡ್ ಲಾಗ್ ಜೊತೆಗೂಡಿ ಮಾಡಿದ್ದು. ಆಟ ಬರೆಯುವುದು ಗಂಡಸರ ಕೆಲಸ ಎನ್ನುವವರಿಗೆ ಉತ್ತರವಾಗಿ. ಮಾಸ್ಕೊದ ಅಲೆಕ್ಸಿ ಪಾಜಿಟ್ನೋವ್ 1984ರಲ್ಲಿ ಮಾಡಿದ 'ಟೆಟ್ರಿಸ್', ಅಮ್ಮಂದಿರೂ ಬಿಡದೆ ಆಡುತ್ತಾರೆಂಬ ಭರವಸೆಯಿಂದ. 1986ರ 'ಬಬಲ್ ಬಾಬಲ್', ನೂರು ಹಂತಗಳನ್ನು ಒಬ್ಬನೇ ದಾಟಿದರೆ ಇದು ನಿಜವಾದ ಮುಕ್ತಾಯವಲ್ಲ, ಗೆಳೆಯನನ್ನು ಮರೆಯಬೇಡ ಎಂದು ಹೇಳುವ ಆಟ! ಅದೇ ವರ್ಷದ 'ಔಟ್‌ರನ್', ಕವಲು ದಾರಿಗಳಲ್ಲಿ ಇಷ್ಟವಾದ ಕಡೆ ಕಾರು ತಿರುಗಿಸುವ ಸುಖಕ್ಕೆ. 1998ರ 'ಡಾನ್ಸ್ ಡಾನ್ಸ್ ರೆವಲ್ಯೂಷನ್', ಬೆರಳಿನ ಬದಲು ಕಾಲಿಗೆ ಕೆಲಸ ಕೊಡುತ್ತದೆಂದು.

ಒಂಬತ್ತಾಯಿತು. ಹತ್ತನೆಯದಕ್ಕೆ ನಾನು ತಡಮಾಡದೆ 'ಮುಸ್ತಫಾ' ಎಂದೆ.

ತೊಂಬತ್ತರ ದಶಕದಲ್ಲಿ ಬೆಳೆದವರಿಗೆ ಈ ಹೆಸರು ಹೇಳಿದರೆ ಸಾಕು. ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದ ಈ ಆಟದ ನಿಜವಾದ ಹೆಸರು 'ಕ್ಯಾಡಿಲಾಕ್ಸ್ ಅಂಡ್ ಡೈನೊಸಾರ್ಸ್'. ಆಡಲು ಸಿಗುವ ನಾಲ್ವರಲ್ಲಿ ಮುಸ್ತಫಾ ಒಬ್ಬ. ನಮ್ಮ ದೇಶದ ಪಾರ್ಲರ್‌ಗಳಲ್ಲಿ ಆಟಕ್ಕೇ ಅವನ ಹೆಸರು ಬಿದ್ದುಹೋಯಿತು. ನಮ್ಮೂರ ಬಸ್ ಸ್ಟ್ಯಾಂಡ್ ಹಿಂದಿನ ಕತ್ತಲೆ ಕೋಣೆಯಲ್ಲಿ ಅದರ ಮುಂದೆ ಮೂವರು ಆಡುತ್ತಿದ್ದರೆ ಹತ್ತು ಮಂದಿ ಸುತ್ತ ನಿಂತು ನೋಡುತ್ತಿದ್ದೆವು.

ನನ್ನ ಯೋಗ್ಯತೆಯ ಪ್ರಶ್ನೆ ಬರುವುದು ಇಲ್ಲಿಯೇ. ಒಂದು ಸಂಜೆ ಅಮ್ಮ ಸೊಸೈಟಿಯಿಂದ ಸೀಮೆಎಣ್ಣೆ ತರಲು ಡಬ್ಬದ ಜೊತೆ ಹದಿನೈದು ರೂಪಾಯಿ ಕೊಟ್ಟಿದ್ದಳು. ಒಂದೇ ಆಟ ಆಡಿ ಹೋಗೋಣ ಎಂದು ಒಳಗೆ ಹೋದೆ. ಸತ್ತಾಗ ಪರದೆಯ ಮೇಲೆ ಎಣಿಕೆ ಶುರುವಾಯಿತು. ಐದು... ನಾಲ್ಕು... ಮೂರು... ಅಷ್ಟರೊಳಗೆ ಇನ್ನೊಂದು ನಾಣ್ಯ ಹಾಕಿದರೆ ಸತ್ತ ಜಾಗದಿಂದಲೇ ಮುಂದುವರಿಯಬಹುದು. ಹಾಕಿದೆ. ಮತ್ತೆ ಹಾಕಿದೆ. ಖಾಲಿ ಡಬ್ಬ ಹಿಡಿದು ಮನೆಗೆ ಹೋಗಿ, ದುಡ್ಡು ಎಲ್ಲೋ ಬಿದ್ದುಹೋಯಿತು ಎಂದೆ.

ಕತೆ ಕೇಳಿದ ಹುಡುಗ ಹಾಳೆ ನೋಡಿ, 'ಮಾವ, ಹಾಗಾದ್ರೆ ಮುಸ್ತಫಾ ಇಡೋ ಹಾಗಿಲ್ಲ' ಎಂದ. 'ಪ್ಯಾಕ್-ಮ್ಯಾನ್ ತರದ ಆಟದಲ್ಲಿ ಸತ್ತರೆ ಸತ್ತ ಹಾಗೇ. ಇದರಲ್ಲಿ ದುಡ್ಡಿದ್ದವನು ಸಾಯೋದೇ ಇಲ್ಲ.'

ನಮ್ಮ ಮೂರನೆಯ ನಿಯಮ ಸಿಕ್ಕಿದ್ದು ಹೀಗೆ. ಆಟ ಮುಗಿಯಬೇಕು. ಪಾಂಗ್, ಪ್ಯಾಕ್-ಮ್ಯಾನ್‌ಗಳನ್ನು ಮಾಡಿದವರೇನೂ ಸನ್ಯಾಸಿಗಳಲ್ಲ. ಒಂದು ಆಟ ಬೇಗ ಮುಗಿದರೆ ತಾನೇ ಮುಂದಿನವನ ನಾಣ್ಯ ಬೀಳುವುದು? ಅಂತ್ಯವನ್ನು ಇಟ್ಟದ್ದು ಲಾಭಕ್ಕಾಗಿಯೇ. ಆದರೆ ಆ ಅಂತ್ಯದಿಂದ ಹುಡುಗರಿಗೆ ಒಂದು ಉಪಕಾರವಾಯಿತು: 'ಗೇಮ್ ಓವರ್' ಎಂದು ಬಂದಾಗ ಮನೆ ನೆನಪಾಗುತ್ತಿತ್ತು. ನಾಣ್ಯ ಹಾಕಿದರೆ ಮುಂದುವರಿಯಬಹುದು ಎಂಬ ಉಪಾಯ ಬಂದ ಮೇಲೆ ಆ ಬಾಗಿಲು ಮುಚ್ಚತೊಡಗಿತು. ಇಂದಿನ ಎಷ್ಟೋ ಮೊಬೈಲ್ ಆಟಗಳಲ್ಲಿ ಆ ಬಾಗಿಲೇ ಇಲ್ಲ. ಪ್ರತಿದಿನ ಬಂದರೆ ಬಹುಮಾನ, ಬರದಿದ್ದರೆ ನಷ್ಟ, ದುಡ್ಡು ಕೊಟ್ಟರೆ ಹೊಸ ಜೀವ, ಒಳಗೆ ಏನಿದೆಯೋ ಗೊತ್ತಿಲ್ಲದ ಪೆಟ್ಟಿಗೆಗಳ ಮಾರಾಟ. ಅಂಥ ಪೆಟ್ಟಿಗೆಗಳನ್ನು ಬೆಲ್ಜಿಯಂ ದೇಶ 2018ರಲ್ಲಿ ಜೂಜು ಎಂದೇ ಪರಿಗಣಿಸಿತು.

ಹೆತ್ತವರೇ, ಮಗ ಆಡುತ್ತಾನೆಯೇ ಎಂದು ಕೇಳುವುದರ ಜೊತೆಗೆ ಯಾವ ಆಟ ಆಡುತ್ತಾನೆ, ಅದು ಮುಗಿಯುತ್ತದೆಯೇ ಎಂದೂ ಕೇಳಿ. ಹತ್ತು ನಿಮಿಷ ಪಕ್ಕದಲ್ಲಿ ಕೂತು ನೋಡಿದರೆ ನಿಮಗೇ ತಿಳಿಯುತ್ತದೆ. ವಿದ್ಯಾರ್ಥಿಗಳೇ, ನೀವೂ ಯೋಚಿಸಿ: ಎರಡು ಗಂಟೆಯ ರಾತ್ರಿಯಲ್ಲಿ ನೀವು ಆಟ ಆಡುತ್ತಿದ್ದೀರೋ, ಆಟವೇ ನಿಮ್ಮನ್ನು ಆಡಿಸುತ್ತಿದೆಯೋ?

ಅಷ್ಟರಲ್ಲಿ ಹುಡುಗ ನನ್ನ ಫೋನಿನಲ್ಲಿ ಹುಡುಕಿ ಒಂದು ಸಂಗತಿ ಕಂಡುಹಿಡಿದಿದ್ದ. ಪಾರ್ಲರಿನ ಹಲವು ಮೆಷಿನ್‌ಗಳಲ್ಲಿ ಮುಂದುವರಿಯುವ ಸೌಲಭ್ಯವನ್ನೇ ಮಾಲೀಕ ಬಂದ್ ಮಾಡಿಡಬಹುದಂತೆ. 'ಹಾಗೆ ಮಾಡೋದಾದ್ರೆ ಮುಸ್ತಫಾನೂ ಇರಲಿ ಮಾವ' ಎಂದು ಹತ್ತನೆಯ ಹೆಸರು ಬರೆದ.

ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅಕ್ಕ, 'ಆ ಸೀಮೆಎಣ್ಣೆ ದುಡ್ಡು ಎಲ್ಲಿ ಹೋಯ್ತು ಅಂತ ಅಮ್ಮನಿಗೆ ಅವತ್ತೇ ಗೊತ್ತಿತ್ತು ಕಣೋ. ನಿನ್ನನ್ನ ಅಲ್ಲಿ ನೋಡಿದವರು ಬಂದು ಹೇಳಿದ್ರು' ಎಂದಳು.

ನಾನು ಸುಮ್ಮನಾದೆ. ನನಗೆ ನೆನಪಿರುವುದು ಇಷ್ಟೇ: ಅಂದು ಅಮ್ಮ ಬೈಯಲಿಲ್ಲ. ಮುಂದಿನ ತಿಂಗಳು ಸೀಮೆಎಣ್ಣೆ ಬಂದಾಗ ಡಬ್ಬವನ್ನೂ ದುಡ್ಡನ್ನೂ ಮತ್ತೆ ನನ್ನ ಕೈಗೇ ಕೊಟ್ಟಿದ್ದಳು. ಆ ಸಲ ನಾನು ಬಸ್ ಸ್ಟ್ಯಾಂಡ್ ಹಾದಿ ಬಿಟ್ಟು ಸುತ್ತುಬಳಸಿ ಹೋಗಿದ್ದೆ.

ಅಕ್ಕ ಒಳಗೆ ಹೋದಳು. ಬೀರುವಿನ ಬೀಗ ತೆಗೆದ ಸದ್ದು ಕೇಳಿಸಿತು.