ನೆರೆಯವನ ಗುಡುಗು, ಮನೆಯೊಳಗಿನ ಮಾತು

ಮನೆಯಲ್ಲಿ ಮಾತಿಗೆ ಮಾತು ಬೆಳೆದಾಗ ಹಿರಿಯರು, "ಮೆಲ್ಲಗೆ, ಪಕ್ಕದ ಮನೆಯವರು ಕೇಳಿಸಿಕೊಂಡಾರು" ಎನ್ನುವುದುಂಟು. ಒಡನೆ ಜಗಳ ನಿಲ್ಲುತ್ತದೆ. ಯಾರ ಮಾತು ಸರಿಯೆಂಬುದು ಮಾತ್ರ ತೀರ್ಮಾನವಾಗುವುದಿಲ್ಲ. ಬಲಿಷ್ಠ ನೆರೆಯಿರುವ ಸಣ್ಣ ದೇಶಗಳ ಪಾಡೂ ಇದೇ. ಫಿನ್ಲೆಂಡಿನ ಕಥೆಯನ್ನು ನೋಡಿ.

ರಷ್ಯದೊಡನೆ ಈ ದೇಶದ ಗಡಿ 1,300 ಕಿಲೋಮೀಟರಿಗೂ ಉದ್ದ. 1939ರಿಂದ 1944ರೊಳಗೆ ಎರಡು ಯುದ್ಧಗಳಾಗಿ, ಫಿನ್ಲೆಂಡು ನೆಲ ಕಳೆದುಕೊಂಡಿತು. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಮನೆಮಠ ಬಿಟ್ಟು ಬಂದರು. 1948ರಲ್ಲಿ ಸೋವಿಯತ್ ಒಕ್ಕೂಟದೊಡನೆ ಮೈತ್ರಿಯ ಒಡಂಬಡಿಕೆಯಾಯಿತು.

1958ರ ಆಗಸ್ಟಿನಲ್ಲಿ ಫಾಗರ್‌ಹೋಲ್ಮ್ ಮಂತ್ರಿಮಂಡಲ ರಚಿಸಿದರು. ಅದು ಮಾಸ್ಕೋಗೆ ಹಿಡಿಸಲಿಲ್ಲ. ರಾಯಭಾರಿ ಹಿಂದಿರುಗಿದರು, ವ್ಯಾಪಾರದ ಮಾತುಕತೆ ನಿಂತಿತು. ಒಂದು ಗುಂಡೂ ಹಾರಲಿಲ್ಲ. ಡಿಸೆಂಬರಿನಲ್ಲಿ ಮಂತ್ರಿಮಂಡಲ ಬಿದ್ದುಹೋಯಿತು.

1961ರಲ್ಲಿ ಅಧ್ಯಕ್ಷ ಕೆಕ್ಕೊನೆನ್‌ರ ಎದುರು ಹಲವು ಪಕ್ಷಗಳು ಕೂಡಿ ಹೋಂಕಾ ಎಂಬವರನ್ನು ನಿಲ್ಲಿಸಿದ್ದುವು. ಅಕ್ಟೋಬರ್ 30ರಂದು ಮಾಸ್ಕೋದ ಓಲೆ ಬಂತು: ಪಶ್ಚಿಮ ಜರ್ಮನಿಯ ಭೀತಿಯಿದೆ, ಒಡಂಬಡಿಕೆಯಂತೆ ಸೈನಿಕ ಸಮಾಲೋಚನೆಯಾಗಬೇಕು! ನವೆಂಬರಿನಲ್ಲಿ ಕೆಕ್ಕೊನೆನ್ ಸೈಬೀರಿಯದ ನೊವೊಸಿಬಿರ್ಸ್ಕ್‌ಗೆ ಹೋಗಿ ಕ್ರುಶ್ಚೇವರನ್ನು ಕಂಡರು. ಹೋಂಕಾ ಕಣದಿಂದ ಸರಿದರು. ಸಮಾಲೋಚನೆ ಮುಂದಕ್ಕೆ ಹೋಯಿತು. 1962ರ ಚುನಾವಣೆಯಲ್ಲಿ ಕೆಕ್ಕೊನೆನ್ ಸುಲಭವಾಗಿ ಗೆದ್ದರು.

ಕೆಕ್ಕೊನೆನ್ ದೇಶವನ್ನು ಮಾರಿದರೆನ್ನುವುದು ಅನ್ಯಾಯ. ಪೂರ್ವ ಯೂರೋಪಿನ ಹಲವು ದೇಶಗಳಲ್ಲಿ ಇಲ್ಲದ ಸಂಸತ್ತು, ಚುನಾವಣೆ, ಹಲವು ಪಕ್ಷಗಳು ಫಿನ್ಲೆಂಡಿನಲ್ಲಿ ಉಳಿದುವು. ಆದರೆ ಬೆಲೆಯನ್ನೂ ತೆರಬೇಕಾಯಿತು. "ಮಾಸ್ಕೋ ಒಪ್ಪುವುದೆ?" ಎಂಬ ಪ್ರಶ್ನೆ ಎದುರಾಳಿಯ ಬಾಯಿ ಮುಚ್ಚಿಸುವ ಅಸ್ತ್ರವಾಯಿತು. ಪತ್ರಿಕೆಗಳು ತಮ್ಮ ಲೇಖನಿಯನ್ನು ತಾವೇ ಹಿಡಿದುಕೊಂಡುವು. 1973ರಲ್ಲಿ ವಿಶೇಷ ಕಾನೂನು ಮಾಡಿ, ಚುನಾವಣೆಯಿಲ್ಲದೆಯೇ ಅಧ್ಯಕ್ಷರ ಅವಧಿಯನ್ನು ನಾಲ್ಕು ವರ್ಷ ಹಿಗ್ಗಿಸಿದರು. 1956ರಲ್ಲಿ ಗದ್ದುಗೆ ಏರಿದವರು ಇಳಿದುದು 1982ರಲ್ಲಿ, ಅದೂ ಅನಾರೋಗ್ಯದಿಂದ.

ಹೊರಗಿನ ಭಯ ನಿಜವಾದುದೇ. ಆದರೆ ಆ ಭಯವನ್ನು ಒಳಗಿನವರು ಕೈಗೋಲು ಮಾಡಿಕೊಂಡಾಗ ಅದಕ್ಕೆ ಎರಡರಷ್ಟು ಬಲ ಬರುತ್ತದೆ. ನೆರೆಯವನನ್ನು ಬದಲಿಸುವುದು ಯಾರ ಕೈಯಲ್ಲೂ ಇಲ್ಲ. ಮನೆಯ ಕಟ್ಟಳೆಯನ್ನು ಬದಲಿಸಬಹುದು. ಫಿನ್ಲೆಂಡಿನವರು ಹಾಗೆಯೇ ಮಾಡಿದರು. 1991ರ ತಿದ್ದುಪಡಿಯಂತೆ ಅಧ್ಯಕ್ಷರು ಸತತವಾಗಿ ಎರಡು ಅವಧಿಗಿಂತ ಹೆಚ್ಚು ಇರುವಂತಿಲ್ಲ; 2000ದ ಸಂವಿಧಾನ ಅಧ್ಯಕ್ಷರ ಅಧಿಕಾರವನ್ನು ಇನ್ನಷ್ಟು ಕುಗ್ಗಿಸಿ ಸಂಸತ್ತಿಗೆ ಬಲ ಕೊಟ್ಟಿತು.

ಉಕ್ರೇನಿನ ಮೇಲೆ ರಷ್ಯ 2022ರಲ್ಲಿ ದಂಡೆತ್ತಿ ಹೋದಾಗ ನ್ಯಾಟೋ ಕೂಟ ಸೇರಬೇಕೆ ಎಂಬ ಪ್ರಶ್ನೆ ಬಂತು. ಈ ಬಾರಿ ಯಾರೂ ಪಿಸುಗುಟ್ಟಲಿಲ್ಲ. ಸಂಸತ್ತಿನಲ್ಲಿ ಬಹಿರಂಗ ಚರ್ಚೆಯಾಗಿ, 2023ರ ಮಾರ್ಚ್ 1ರಂದು 184 ಮತಗಳು ಪರವಾಗಿ, 7 ವಿರುದ್ಧವಾಗಿ ಬಿದ್ದುವು. ಆ ನಿರ್ಧಾರ ಸರಿಯೋ ತಪ್ಪೋ, ಕಾಲ ಹೇಳೀತು. ವಿರೋಧಿಸಿದ ಆ ಏಳು ಮಂದಿ ಎದ್ದು ನಿಂತು ತಮ್ಮ ಮಾತನ್ನು ಹೇಳಲು ಸಾಧ್ಯವಾಯಿತಲ್ಲ, ಸಣ್ಣ ದೇಶದ ದೊಡ್ಡ ಆಸ್ತಿಯೆಂದರೆ ಅದೇ.