ಕಾಯಿಸಿದ ಮಾರ್ಗನೈಟ್

ಪಚ್ಚೆ ಮತ್ತು ಅಕ್ವಮರೀನ್ ಹುಟ್ಟಿದ ಬೆರಿಲ್ ಕುಲದಲ್ಲೇ ಗುಲಾಬಿ ಬಣ್ಣದ ಹರಳೊಂದಿದೆ. ಮಡಗಾಸ್ಕರ್‌ನಲ್ಲಿ ಅದರ ಸೊಗಸಾದ ಹರಳುಗಳು ಸಿಕ್ಕಿದ ಮೇಲೆ, ನ್ಯೂಯಾರ್ಕಿನ ಟಿಫನಿ ಕಂಪನಿಯ ರತ್ನತಜ್ಞ ಜಾರ್ಜ್ ಫ್ರೆಡರಿಕ್ ಕುಂಜ್ 1910ರಲ್ಲಿ ಅದಕ್ಕೆ ಬ್ಯಾಂಕರ್ ಜೆ. ಪಿ. ಮಾರ್ಗನ್ ಹೆಸರಿಟ್ಟು ಮಾರ್ಗನೈಟ್ ಎಂದು ಕರೆಯಲು ಸೂಚಿಸಿದರು. ಇಂದು ಅಂಗಡಿಗಳಲ್ಲಿ ಮಿನುಗುವ ತಿಳಿಗುಲಾಬಿ ಮಾರ್ಗನೈಟುಗಳಲ್ಲಿ ಬಹಳಷ್ಟು ಕುಲುಮೆಗೆ ಹೋಗಿ ಬಂದವು. ಇದು ಒಪ್ಪತಕ್ಕದ್ದೇ?

ಗಣಿಯಿಂದ ಬರುವಾಗ ಅನೇಕ ಹರಳುಗಳದು ಕಿತ್ತಳೆ ಬೆರೆತ ಗುಲಾಬಿ. ಗುಲಾಬಿ ಮ್ಯಾಂಗನೀಸಿನ ಕೊಡುಗೆ, ಅದಕ್ಕೆ ಬೆರೆತ ಹಳದಿ ಸಾಮಾನ್ಯವಾಗಿ ಕಬ್ಬಿಣದ್ದು. ಸುಮಾರು 400 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದರೆ ಕಬ್ಬಿಣದ ಸ್ಥಿತಿ ಬದಲಾಗಿ ಹಳದಿ ಅಳಿಯುತ್ತದೆ, ಮ್ಯಾಂಗನೀಸಿನ ಬಣ್ಣ ಉಳಿಯುತ್ತದೆ. ಹೊರಗಿನಿಂದ ಬಣ್ಣ ತುಂಬುವುದಿಲ್ಲ, ಲೇಪನ ಹಚ್ಚುವುದಿಲ್ಲ. ಹೀಗೆ ಬಂದ ಗುಲಾಬಿ ದಿನಬಳಕೆಯಲ್ಲಿ ಮಾಸುವುದೂ ಇಲ್ಲ. ಹಸಿರು ಛಾಯೆಯ ಅಕ್ವಮರೀನನ್ನು ಕಾಯಿಸಿ ನೀಲಿ ಮಾಡುವುದನ್ನು ಒಪ್ಪಿಕೊಂಡಿರುವ ಪೇಟೆ ಇದೊಂದನ್ನೇ ದೂರುವುದು ನ್ಯಾಯವಲ್ಲ. ಇನ್ನೂ ಒಂದು ಮಾತಿದೆ: ಕೆಲವು ಹರಳುಗಳ ಸಹಜ ಕಿತ್ತಳೆ ಛಾಯೆ ಬಿಸಿಲಿಗೇ ಕ್ರಮೇಣ ಕಳೆಗುಂದುತ್ತದೆ. ಅಂಥ ಕಡೆ ಕಾಯಿಸಿದ ಹರಳೇ ಹೆಚ್ಚು ನೆಚ್ಚಿಕೆಯದು.

ವಿರೋಧಿಸುವವರ ಮಾತಿಗೂ ತೂಕವಿದೆ. ಆ ಕಿತ್ತಳೆ ಛಾಯೆ ಕೊಳೆಯಲ್ಲ, ಹರಳಿನದೇ ಗುಣ. ಎಲ್ಲವನ್ನೂ ಒಂದೇ ಗುಲಾಬಿಗೆ ಇಳಿಸಿದರೆ ಒಂದು ಹರಳಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಅಳಿದುಹೋಗುತ್ತದೆ. ಕೆಂಪು ಚಿನ್ನದ ಉಂಗುರಗಳಲ್ಲಿ ಆ ಛಾಯೆ ಎಷ್ಟು ಚೆನ್ನಾಗಿ ಕೂರುತ್ತದೆಂದರೆ, ಅದನ್ನೇ ಕೇಳಿ ಕೊಳ್ಳುವವರಿದ್ದಾರೆ. ಆದರೆ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವ ತೊಡಕು ಬೇರೆ. ಇಷ್ಟು ಕಡಿಮೆ ಶಾಖದ ಗುರುತು ಹರಳಿನೊಳಗೆ ಸಾಮಾನ್ಯವಾಗಿ ಉಳಿಯುವುದಿಲ್ಲ. ಪ್ರಯೋಗಾಲಯಕ್ಕೆ ಒಯ್ದರೂ ಕಾಯಿಸಿದೆಯೋ ಇಲ್ಲವೋ ಎಂದು ಖಚಿತವಾಗಿ ಹೇಳುವುದು ಕಷ್ಟ. ಕೊಳ್ಳುವವರಿಗೆ ಮಾರುವವರ ಮಾತೊಂದೇ ಆಧಾರ. ಅಲ್ಲಿ ಮೌನ ವಹಿಸುವುದು ಸಣ್ಣ ತಪ್ಪಲ್ಲ.

ಎಲ್ಲ ಸಂಸ್ಕರಣೆಯನ್ನೂ ಒಂದೇ ತಕ್ಕಡಿಗೆ ಹಾಕಲೂಬಾರದು. ಮಸುಕಾದ ಬೆರಿಲ್‌ಗೆ ವಿಕಿರಣ ತಾಗಿಸಿ ಪಡೆಯುವ ಮಶೀಶೆ (Maxixe) ಮಾದರಿಯ ಗಾಢ ನೀಲಿ ಬೆಳಕಿಗೆ ಇಟ್ಟರೆ ಮಾಸುತ್ತದೆ. ಅದನ್ನು ತಿಳಿಸದೆ ಮಾರುವುದು ಸುಲಿಗೆಯೇ ಸರಿ. ಮಾರ್ಗನೈಟನ್ನು ಕಾಯಿಸುವುದು ಆ ಸಾಲಿಗೆ ಸೇರುವುದಿಲ್ಲ.

ಕಾಯಿಸುವುದು ತಪ್ಪಲ್ಲ, ಮುಚ್ಚಿಡುವುದು ತಪ್ಪು ಎಂಬುದೇ ನನ್ನ ನಿಲುವು. ಸಂಸ್ಕರಿಸದ ಹರಳೆಂದು ಯಾರಾದರೂ ಹೆಚ್ಚು ಬೆಲೆ ಹೇಳಿದರೆ, ಆ ಮಾತನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ ಆ ಹೆಚ್ಚಿನ ಹಣ ಕೊಡಬೇಡಿ.