ಡೆಂಗಿ ಪಾಸಿಟಿವ್ ಬಂತು. ಅಷ್ಟಕ್ಕೇ ಮುಗೀತಾ?

ಜ್ವರದ ಕಥೆ, ಭಾಗ 3 👇

2024ರಲ್ಲಿ ನಮ್ಮ ರಾಜ್ಯ ಸರ್ಕಾರ ಡೆಂಗಿಯನ್ನ ಸಾಂಕ್ರಾಮಿಕ ರೋಗ ಅಂತ ಘೋಷಿಸ್ತು. ಸರಿ. ಆದ್ರೆ ಈಗ ನಮಗೆ ಜ್ವರ ಅಂದ್ರೆ ಡೆಂಗಿ ಒಂದೇ! ರಿಪೋರ್ಟ್ ಬಂದ ತಕ್ಷಣ ಪಪ್ಪಾಯಿ ಎಲೆ ಹುಡುಕ್ತೀವಿ, ಪ್ಲೇಟ್‌ಲೆಟ್ ಎಣಿಸ್ತೀವಿ. ಮಗುವನ್ನ ನೋಡೋದು ಮಾತ್ರ ನಿಲ್ಲಿಸ್ತೀವಿ.

ಒಂದೇ ಮಗುವಿಗೆ ಒಂದೇ ಸಲ ಎರಡು ಜ್ವರ ಬರಬಹುದು. ಮಳೆಗಾಲದಲ್ಲಿ ಮಲೇರಿಯಾ, ಟೈಫಾಯ್ಡ್, ಇಲಿಜ್ವರ, ಸ್ಕ್ರಬ್ ಟೈಫಸ್ ಕೂಡ ಇರುತ್ತವೆ. ಸೊಳ್ಳೆ ಕಚ್ಚಿದ ಮಗುವಿಗೆ ಪೊದೆಯ ನುಸಿ ಕಚ್ಚಬಾರದು ಅಂತ ಕಾನೂನಿದೆಯಾ?

ಡೆಂಗಿ ಜ್ವರ ಸಾಮಾನ್ಯವಾಗಿ 2ರಿಂದ 7 ದಿನ. ಅದು ದಾಟಿಯೂ ಇಳೀಲಿಲ್ವಾ? "ಜೊತೆಗೆ ಇನ್ನೇನಾದ್ರೂ ಇದೆಯಾ ಡಾಕ್ಟ್ರೇ?" ಅಂತ ಕೇಳಿ. ಕಂಕುಳು, ತೊಡೆಸಂದು, ಕಿವಿ ಹಿಂದೆ ನೋಡಿ. ಸಿಗರೇಟಿನಿಂದ ಸುಟ್ಟಂಥ ಕಪ್ಪು ಹಕ್ಕಳೆ ಇದ್ರೆ ಅದು ಸ್ಕ್ರಬ್ ಟೈಫಸ್ಸಿನ ಗುರುತು. ನೋವಿರಲ್ಲ, ಹಾಗಾಗಿ ಮಗು ಹೇಳಲ್ಲ. ಎಲ್ಲರಲ್ಲೂ ಕಾಣೋದೂ ಇಲ್ಲ. ಪ್ಲೇಟ್‌ಲೆಟ್ ಇದರಲ್ಲೂ ಬೀಳುತ್ತೆ. ಡೆಂಗಿ ವೈರಸ್ಸಿಗೆ ಮದ್ದಿಲ್ಲ, ಇದಕ್ಕಿದೆ: ಡಾಕ್ಸಿಸೈಕ್ಲಿನ್. ದುಬಾರಿಯೂ ಅಲ್ಲ. ತಡವಾದ್ರೆ ಮಾತ್ರ ಜೀವಕ್ಕೇ ಕುತ್ತು.

ಹಾಗಂತ ಜ್ವರ ಇಳಿದ ಕೂಡ್ಲೇ ನಿರಾಳ ಆಗ್ಬೇಡಿ. ಡೆಂಗಿಯಲ್ಲಿ ಅಪಾಯ ಶುರುವಾಗೋದೇ ಆಗ. ಹೊಟ್ಟೆನೋವು, ಬಿಡದ ವಾಂತಿ, ತಣ್ಣಗಾದ ಕೈಕಾಲು ಕಂಡ್ರೆ ಆಸ್ಪತ್ರೆಗೆ ಓಡಿ.

ಹತ್ತು ಟೆಸ್ಟ್ ಮಾಡ್ಸಿ ಅಂತಲ್ಲ. ಅಂಗಿ ಬಿಚ್ಚಿಸಿ ನೋಡೋಕೆ ಬಿಲ್ ಆಗಲ್ಲ.

ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದಿದ್ದಾಗ ಒಂದು ತಪ್ಪು ಸಿಕ್ತು ಅಂತ ಲೆಡ್ಜರ್ ಮುಚ್ಚಿದ್ರೆ ಕ್ಲಾಸಲ್ಲಿ ಮಾರ್ಕ್ಸ್ ಹೋಗುತ್ತೆ. ಇಲ್ಲಿ ಹೋಗೋದು ಮಾರ್ಕ್ಸ್ ಅಲ್ಲ.

ಸೇವ್ ಮಾಡ್ಕೊಳ್ಳಿ. ಮನೇಲಿ ಮಕ್ಕಳಿರೋರಿಗೆ ಕಳ್ಸಿ.